ಸುತ್ತಿಗೆಯ ಸೀಮೆ

ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡೆಂದು ಒಂಬತ್ತನೆಯ ಶತಮಾನದಲ್ಲಿಯೇ ನೃಪತುಂಗನ ಕಾಲದ ಕವಿರಾಜಮಾರ್ಗವು ಸೀಮೆಯನ್ನು ಗೊತ್ತುಪಡಿಸಿರುವುದರಿಂದಲೂ, ಪುಣೆಯು ಗೋದಾವರಿಗೆ ದಕ್ಷಿಣದಲ್ಲಿಯೇ ಇರುವುದರಿಂದಲೂ, ಅಲ್ಲಿನ ಯೆರವಡಾದಲ್ಲಿ ಬಾಡಿಗೆಮನೆ ಹಿಡಿದಿರುವ ನಾನು ವಾಸ್ತವವಾಗಿ ಸ್ವದೇಶದಲ್ಲಿಯೇ ಇದ್ದೇನೆಂಬುದು ನನ್ನ ದೃಢವಾದ ಸಿದ್ಧಾಂತ. ನನ್ನ ಗೃಹಿಣಿಗೆ ಇದರಲ್ಲಿ ಶ್ರದ್ಧೆಯಿಲ್ಲ. ಗೋಡೆಗೆ ಮೊಳೆ ಹೊಡೆಯುವ ಸಾಧನವನ್ನು ತರಲು ಹೊರಟ ನನ್ನನ್ನು ಬಾಗಿಲವರೆಗೆ ಹಿಂಬಾಲಿಸಿ, “ಹಾತೋಡಾ ಅಂತ ಕೇಳಿ, ನಿಮ್ಮ ನೃಪತುಂಗನ್ನ ಅಂಗಡೀಗೆ ಕರಕೊಂಡು ಹೋಗಬೇಡಿ” ಎಂದಳು.

ಹೇಗೆ ಬಿಡಲಿ? ಹಾರ್ಡ್‌ವೇರ್ ಅಂಗಡಿಯ ಮೆಟ್ಟಿಲೇರಿ, ಗಂಭೀರವಾಗಿ, “ಸುತ್ತಿಗೆ” ಎಂದೆ.

ಮಾಲಿಕರು ಲೆಕ್ಕದ ಪುಸ್ತಕದಿಂದ ಮೆಲ್ಲನೆ ತಲೆಯೆತ್ತಿ, ಕನ್ನಡಕವನ್ನು ಹಣೆಗೇರಿಸಿ, ನನ್ನನ್ನು ಆಪಾದಮಸ್ತಕ ವೀಕ್ಷಿಸಿದರು. ಮರಾಠಿಯಲ್ಲಿ ‘ಸುಟ್ಟಿ’ ಎಂದರೆ ರಜೆ, ‘ಘೇ’ ಎಂದರೆ ತೆಗೆದುಕೋ. ನಗರ ರಸ್ತೆಯ ಲಾರಿಗಳ ಆರ್ಭಟದಲ್ಲಿ ನನ್ನ ತಕಾರವು ಟಕಾರವಾಗಿ ಅವರ ಕಿವಿಯನ್ನು ಸೇರಿ, ಅಪರಿಚಿತನೊಬ್ಬನು ಹಾಡಹಗಲಲ್ಲಿ ತಮಗೆ ರಜೆ ಹಾಕೆಂದು ಆಜ್ಞಾಪಿಸುತ್ತಿರುವಂತಾಗಿತ್ತು. ರಜೆಯನ್ನಾದರೂ ಕ್ಷಮಿಸುತ್ತಿದ್ದರೇನೋ; ‘ಘ್ಯಾ’ ಎನ್ನಬೇಕಾದಲ್ಲಿ ಏಕವಚನ! ಅದರ ಮೇಲೆ, ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಕದವಿಕ್ಕಿ ನಿದ್ರಿಸುವುದನ್ನು ವೇದೋಕ್ತವೆಂದು ಭಾವಿಸಿದ ಪುಣೆಯ ವರ್ತಕರಿಗೆ, ವಿಶ್ರಾಂತಿಯ ವಿಷಯದಲ್ಲಿ ಗಿರಾಕಿಯ ಉಪದೇಶವೇ?

“ಒಂದು ಗಂಟೆಗೆ ಹೇಗೂ ತೆಗೆದುಕೊಳ್ಳುತ್ತೇನೆ, ತಮ್ಮ ಅಪ್ಪಣೆ ಬೇಕಾಗಿಲ್ಲ” ಎಂದರು, ಶುದ್ಧ ಮರಾಠಿಯಲ್ಲಿ. ನಾನು ತಕಾರದ ದ್ವಿತ್ವವನ್ನು ಇನ್ನಷ್ಟು ಒತ್ತಿ, “ಸುತ್ತಿಗೆ!” ಎಂದೆ. ಅವರು ಮಾತಾಡದೆ ಗೋಡೆಯ ಗಡಿಯಾರವನ್ನು ತೋರಿಸಿದರು.

ಪಕ್ಕದಲ್ಲಿ ನಿಂತಿದ್ದ, ವಡಾರ ವಸ್ತಿಯ ಕಲ್ಲುಕುಟಿಗ ಹಿರಿಯರೊಬ್ಬರು, “ಸುತ್ತಿ?” ಎನ್ನುತ್ತ ತಮ್ಮ ಚೀಲದಿಂದಲೇ ಒಂದನ್ನು ಹೊರತೆಗೆದರು. ಹಿಡಿಯು ಬೆವರುಂಡು ಕಪ್ಪಾಗಿತ್ತು. ಪೆಟ್ಟು ತಿಂದ ಕಬ್ಬಿಣದ ಅಂಚು ಅಣಬೆಯಂತೆ ಅರಳಿತ್ತು. ಅವರ ಮನೆಮಾತು ತೆಲುಗಿನ ಬಳಗದ್ದು. ತೆಲುಗಿನ ಸುತ್ತಿ, ತಮಿಳಿನ ಸುತ್ತಿಯಲ್, ಮಲಯಾಳದ ಚುಟ್ಟಿಕ, ನಮ್ಮ ಸುತ್ತಿಗೆ ಇವೆಲ್ಲ ಒಡಹುಟ್ಟಿದವು. ಮರಾಠಿಯ ಹಾತೋಡಾ, ಹಿಂದಿಯ ಹಥೌಡಾ, ಗುಜರಾತಿಯ ಹಥೋಡೋ ಕೈಯ ಹೆಸರನ್ನು ಹೊತ್ತ ಬೇರೊಂದು ಕುಲ.

ಕೈಯ ಹೆಸರೇನೋ ಉಳಿಯಿತು, ಕೈಯವರ ಹೆಸರು ಉಳಿಯಲಿಲ್ಲ. 1932ರ ಸೆಪ್ಟೆಂಬರ್ 24ರಂದು ಪುಣೆ ಒಪ್ಪಂದವಾದ ಸೆರೆಮನೆ ಇದೇ ಯೆರವಡಾದಲ್ಲಿದೆ. ಸಹಿ ಹಾಕಿದವರು ಚರಿತ್ರೆಯಲ್ಲಿದ್ದಾರೆ, ಆ ಸೆರೆಮನೆಯ ಗೋಡೆಗಳಿಗೆ ಕಲ್ಲೊಡೆದವರು ಎಲ್ಲಿಯೂ ಇಲ್ಲ.

ಹಿರಿಯರ ಕೈಯಲ್ಲಿದ್ದುದನ್ನು ಕಂಡು ಮಾಲಿಕರು ವಸ್ತುವನ್ನು ಕೊಟ್ಟರು, ಹಣವನ್ನೆಣಿಸಿದರು, ಕದವಿಕ್ಕಿದರು. ಪುಣೆಗೆ ಬರುವ ಕನ್ನಡಿಗರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಹಾತೋಡಾ ಎಂದೇ ಕೇಳಿರಿ, ಒಂದು ಗಂಟೆಯೊಳಗೆ ಕೇಳಿರಿ.