ಕರಡು ಪ್ರತಿಯಲ್ಲಿ ಕಿತ್ತೂರು

ಶಾಲೆಯ ಸಾಹಿತ್ಯಕ ಪ್ರಬಂಧಕ್ಕೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಮೂರು ಅಂಗಗಳಿರಬೇಕೆಂದು ವ್ಯಾಕರಣ ಪುಸ್ತಕಗಳು ವಿಧಿಸುತ್ತವೆಯಾದರೂ, ಅದರ ಕರಡಿಗೆ, ಅಂದರೆ ಹೊಡೆದು ತಿದ್ದಲೆಂದೇ ಬರೆಯುವ ಮೊದಲ ಪ್ರತಿಗೆ, ಅವು ಯಾವ ಲಕ್ಷಣವನ್ನೂ ಹೇಳಿಲ್ಲ. ಈ ಕೊರತೆಯನ್ನು ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗದ ವಿದ್ಯಾರ್ಥಿಗಳು ತಮ್ಮ ರಫ್ ವಹಿಗಳಲ್ಲಿ ಸ್ವಂತ ಪ್ರತಿಭೆಯಿಂದ ತುಂಬಿಕೊಡುತ್ತಾರೆ.

‘ಲಾವಣಿಗಳಲ್ಲಿ ಕಿತ್ತೂರು’ ಎಂಬ ವಿಷಯವನ್ನೇ ತೆಗೆದುಕೊಳ್ಳಬಹುದು. ಲಾವಣಿಯೆಂದರೆ ನಡೆದ ಘಟನೆಯನ್ನು, ಅದರಲ್ಲೂ ವೀರರ ಕಥೆಯನ್ನು, ಜನರ ಮುಂದೆ ಹಾಡಿ ಹೇಳುವ ಜನಪದ ಕಾವ್ಯ. ಜೆ.ಎಫ್. ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿ 19ನೆಯ ಶತಮಾನದಲ್ಲಿಯೇ ಸಂಗ್ರಹಿಸಿ ಅಚ್ಚು ಮಾಡಿಸಿದ ಲಾವಣಿಗಳಲ್ಲಿ ಕಿತ್ತೂರಿನ ವೀರ ಸಂಗೊಳ್ಳಿ ರಾಯಣ್ಣನ ದಂಗೆಯದೂ ಒಂದು. ಆದುದರಿಂದ ಪಲ್ಲವಿ, ಪ್ರಾಸ, ವರ್ಣನೆಗಳನ್ನು ಕುರಿತು ನಾಲ್ಕು ಮಾತು ಬರೆಯಬೇಕಾದ ಪ್ರಬಂಧವಿದು. ಆದರೆ ಪೀಠಿಕೆ ಮುಗಿಯುವ ಮೊದಲೇ ಕಿತ್ತೂರು ಬ್ರಿಟಿಷರನ್ನು ಸೋಲಿಸಿದ 1824ರ ಅಕ್ಟೋಬರ್ 23 ಬಂದುಬಿಡುತ್ತದೆ, ಕೋಟೆಯ ಬಾಗಿಲು ತೆರೆಯುತ್ತದೆ, ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಉರುಳುತ್ತಾನೆ. ಅವನನ್ನು ಉರುಳಿಸಿದ ಕಿತ್ತೂರಿನ ಯೋಧ ಅಮಟೂರು ಬಾಳಪ್ಪನ ಗುಂಡಿನ ಸದ್ದಿನಲ್ಲಿ ಲಾವಣಿ ಯಾರಿಗೂ ಕೇಳಿಸುವುದಿಲ್ಲ. ಕಿತ್ತೂರಿನ ಕರಡು ಈ ಗೆಲುವಿಗೇ ನಿಂತುಬಿಡುತ್ತದೆ. ಡಿಸೆಂಬರಿನಲ್ಲಿ ಕೋಟೆ ಕೈಬಿಟ್ಟುಹೋದ ಸಂಗತಿಗೆ ಹಾಳೆಯಲ್ಲಿ ಜಾಗ ಉಳಿದಿರುವುದಿಲ್ಲ. ಕಿತ್ತೂರಿನ ರಾಣಿ ಚೆನ್ನಮ್ಮ ಸೆರೆಯಲ್ಲಿದ್ದು 1829ರಲ್ಲಿ ತೀರಿಕೊಂಡ ಊರು ಬೈಲಹೊಂಗಲವಾದ್ದರಿಂದ ಅಲ್ಲಿಯ ಕರಡು ಸಮಾಧಿಯಿಂದ ಹೊರಟು ಹಿಂದಕ್ಕೆ ನಡೆಯುತ್ತದೆ. ಸವದತ್ತಿಯದು ಯಲ್ಲಮ್ಮನ ಗುಡ್ಡ ಹತ್ತಿ, ರಟ್ಟ ಅರಸರ ಕಾಲದಲ್ಲಿ ಸುಗಂಧವರ್ತಿ ಎನಿಸಿದ್ದ ತನ್ನ ಊರನ್ನು ಹೊಗಳದೆ ಮುಂದೆ ಸಾಗದು. ರಾಮದುರ್ಗದ ವಿದ್ಯಾರ್ಥಿಗೆ ಭಾವೆ ಮನೆತನದ ಸಂಸ್ಥಾನವೂ 1939ರ ದಂಗೆಯೂ ಮನೆಯಂಗಳದಲ್ಲೇ ಸಿಕ್ಕಿರುವಾಗ ನೆರೆಯೂರಿನ ಯುದ್ಧಕ್ಕೆ ಹೋಗುವ ಅಗತ್ಯವೇ ಕಾಣುವುದಿಲ್ಲ.

ಇಷ್ಟರಲ್ಲಿ ಸಾಹಿತ್ಯಕ್ಕೆ ತೀರ ಹತ್ತಿರದ ಭಾಗವೆಂದರೆ ರಾಣಿಯ ವೀರವಾಣಿ. ಅದರ ಮೂಲವನ್ನು ಲಾವಣಿಗಳಲ್ಲಿ ಹುಡುಕುವುದಕ್ಕಿಂತ, ಬಿ. ಸರೋಜಾದೇವಿ ನಟಿಸಿದ 1961ರ ಚಲನಚಿತ್ರದಲ್ಲಿ ಹುಡುಕುವುದು ಲೇಸು. ಹಾಳೆಯ ಅಂಚಿನಲ್ಲಿ, ಕತ್ತಿ ರಾಣಿಯ ಕೈಯಲ್ಲಿದೆಯೋ ಕುದುರೆಯ ಬಾಯಲ್ಲಿದೆಯೋ ನಿರ್ಣಯಿಸಲಾಗದ ಚಿತ್ರವೊಂದಿರುತ್ತದೆ, ಅದರ ಕೆಳಗೆ ಅರ್ಧಕ್ಕೆ ಬಿಟ್ಟ ಭಾಗಾಕಾರ, ನಡುವೆ ‘ಶೌರ್ಯ’ವನ್ನು ಎರಡು ಬಗೆಯಲ್ಲಿ ಬರೆದು, ಎರಡನ್ನೂ ಹೊಡೆದು, ಕಡೆಗೆ ‘ಧೈರ್ಯ’ಕ್ಕೆ ರಾಜಿಯಾದ ಗುರುತು, ಪುಟದ ಅಡಿಯಲ್ಲಿ ಪದಗಳನ್ನೆಣಿಸಿಟ್ಟ ಲೆಕ್ಕ, ಅದರಲ್ಲಿ ಹೊಡೆದುಹಾಕಿದ ಪದಗಳೂ ಸೇರಿರುತ್ತವೆ.

ಮರುದಿನ ಗೈಡ್, ಅಂದರೆ ಪ್ರಶ್ನೆ ಹುಟ್ಟುವ ಮೊದಲೇ ಉತ್ತರ ಸಿದ್ಧಪಡಿಸಿಡುವ ಗ್ರಂಥ, ನಡುವೆ ಪ್ರವೇಶಿಸುತ್ತದೆ. ಅಂದವಾದ ಪ್ರತಿಯಲ್ಲಿ ಕುದುರೆಯಿಲ್ಲ, ಗುಡ್ಡವಿಲ್ಲ, ನಾಲ್ಕೂ ಊರುಗಳ ಪ್ರಬಂಧಗಳು ಅಕ್ಷರಶಃ ಒಂದೇ ಆಗಿರುತ್ತವೆ. ಆದುದರಿಂದ ಮಾಸ್ತರರೂ ಅಕ್ಕೋರೂ ಪ್ರಬಂಧದ ಜೊತೆಗೆ ರಫ್ ವಹಿಯನ್ನೂ ತರಿಸಿಕೊಂಡು ಓದಬೇಕು. ಅದಕ್ಕೆ ಅಂಕ ಕೊಡಲು ನಿಯಮ ಅಡ್ಡ ಬರುವುದಾದರೆ, ಆ ಭಾಗಾಕಾರವನ್ನಾದರೂ ಪೂರ್ತಿ ಮಾಡಿ ಕೊಡಬೇಕು.