ಟೈಸಣ್ಣನ ಪಥ್ಯ

ಫೈಟರ್ ಮೀನುಗಳದು ಸಾಮಾನ್ಯ ವಂಶವಲ್ಲ. ಸಯಾಮಿನಲ್ಲಿ, ಅಂದರೆ ಈಗಿನ ಥಾಯ್ಲೆಂಡಿನಲ್ಲಿ, ಇವುಗಳ ಕಾಳಗಕ್ಕೆ ಜನ ಬಾಜಿ ಕಟ್ಟುತ್ತಿದ್ದರು. 1840ರಲ್ಲಿ ಅಲ್ಲಿನ ರಾಜನ ಕಡೆಯ ಕೆಲವು ಮೀನುಗಳು ಥಿಯೋಡರ್ ಕ್ಯಾಂಟರ್ ಎಂಬ ವೈದ್ಯನ ಕೈಸೇರಿದ್ದರಿಂದ ಅವು ಪ್ರಾಣಿಶಾಸ್ತ್ರದ ಪುಟಕ್ಕೆ ಬಂದವು. 2019ರಲ್ಲಂತೂ ಥಾಯ್ಲೆಂಡ್ ಸರ್ಕಾರ ಈ ಮೀನನ್ನು ತನ್ನ ರಾಷ್ಟ್ರೀಯ ಜಲಚರವೆಂದೇ ಸಾರಿತು. ಇಂಥ ಮನೆತನದ ಕುಡಿಯೊಂದು ಕೊಳ್ಳೇಗಾಲದ ನಮ್ಮ ಹಜಾರದಲ್ಲಿ, ಟಿವಿಯ ಪಕ್ಕದ ಗಾಜಿನ ತೊಟ್ಟಿಯಲ್ಲಿ, ಮಲಬದ್ಧತೆಯಿಂದ ನರಳುತ್ತಿದೆ.

ಹೆಸರು ಟೈಸನ್. ಇಟ್ಟವನು ಮಗ. ಪಿಯುಸಿಯಲ್ಲಿದ್ದಾಗ ಮೈಸೂರಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ತಂದ; ಆಮೇಲೆ ಇಂಜಿನಿಯರಿಂಗಿಗೆ ಹೋಗುವಾಗ ಬೈಕು, ಗಿಟಾರು, ಮನೆಯಲ್ಲಿದ್ದ ಒಂದೇ ಒಳ್ಳೆಯ ಸೂಟ್‌ಕೇಸು ಎಲ್ಲವನ್ನೂ ಒಯ್ದು, ಮೀನನ್ನು ಮಾತ್ರ ಬಿಟ್ಟ. ನಮ್ಮವ್ವನ ಬಾಯಲ್ಲಿ ಟೈಸನ್ ಟೈಸಣ್ಣನಾದ. ಟೈಸಣ್ಣ ಜೀವಮಾನದಲ್ಲಿ ಕಾದಾಡಿದ್ದು ಒಬ್ಬನೊಂದಿಗೆ ಮಾತ್ರ: ಗಾಜಿನಲ್ಲಿ ಕಂಡ ತನ್ನ ಬಿಂಬದೊಂದಿಗೆ. ಅದೂ ಇತ್ಯರ್ಥವಾಗಲಿಲ್ಲ.

ಈ ಜಾತಿ ಬದುಕುವುದು ಎರಡರಿಂದ ನಾಲ್ಕು ವರ್ಷ. ಮೂರು ದಾಟಿದ ಮೇಲೆ ಟೈಸಣ್ಣನ ನೀಲಿ ಬಣ್ಣ ಮಾಸಿತು, ರೆಕ್ಕೆಯ ಅಂಚು ಹರಿಯಿತು, ಹೊಟ್ಟೆ ಉಬ್ಬಿತು. ಒಂದು ಬೆಳಿಗ್ಗೆ ನೋಡಿದರೆ ಓರೆಯಾಗಿ ತೇಲುತ್ತಿದ್ದಾನೆ. ಒಳಗಿನ ಗಾಳಿಚೀಲ ಹದ ತಪ್ಪಿದರೆ ಹೀಗಾಗುತ್ತದೆ. ಹೊಟ್ಟೆ ಕಟ್ಟಿದರೂ ಅದೇ ಚೀಲ ಒತ್ತಿಕೊಂಡು ಹೀಗಾಗುತ್ತದೆ. ಹುರುಪೆಗಳು ನೆಟ್ಟಗೆ ನಿಂತರೆ ಮಾತ್ರ ಜಲೋದರ, ಅದಕ್ಕೆ ಹೆಚ್ಚು ಆಸೆಯಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಪೇಪರ್ ಬಿಚ್ಚುವ ಮೊದಲು ಕುರ್ಚಿ ಹತ್ತಿ ಮೀನನ್ನು ಮೇಲಿನಿಂದ ನೋಡುವುದು ನನ್ನ ಕೆಲಸವಾಯಿತು.

ಮಲಬದ್ಧತೆಯ ಮದ್ದಿಗೆಂದು ಮೆಡಿಕಲ್ ಶಾಪಿನಲ್ಲಿ ಎಪ್ಸಮ್ ಉಪ್ಪು ಕೇಳಿದೆ.

"ಯಾರಿಗೆ ಸಾರ್? ವಯಸ್ಸೆಷ್ಟು?"

"ಮೂರು ದಾಟಿದೆ."

"ಮಕ್ಕಳಿಗೆ ಕೊಡಬಾರ್ದು ಸಾರ್. ತೂಕ ಎಷ್ಟು?"

"ಮೂರು ಗ್ರಾಂ ಇರಬಹುದು."

ಅವನು ನನ್ನ ಮುಖ ನೋಡಿ, ಉಪ್ಪು ಕೊಡುತ್ತಾ, ನನಗೆ ನಿದ್ದೆ ಬರುತ್ತಿದೆಯೇ ಎಂದೂ ವಿಚಾರಿಸಿದ.

ಅವನದೂ ತಪ್ಪಲ್ಲ. ನಮ್ಮ ಸೀಮೆಯಲ್ಲಿ ಮೀನೆಂದರೆ ಸಾರಿಗೆ ಆಗಬೇಕು, ಇಲ್ಲವೇ ನಾಲ್ಕು ಜನ ಬಾಯಿ ಬಿಟ್ಟು ನೋಡಬೇಕು. ಹನೂರಿನ ಆಚೆ ಕಾಡಿನಲ್ಲಿ ಹರಿಯುವ ಕಾವೇರಿಯಲ್ಲಿ ಗೂನುಬೆನ್ನಿನ ಮಹಶೀರ್ ಇದೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಗಾಳ ಹಾಕಿ 120 ಪೌಂಡಿನ ಮಹಶೀರನ್ನು ಎಳೆದಿದ್ದರು. ಈಗ ಆ ಗೂನುಬೆನ್ನಿನ ಜಾತಿಯೇ ಅಳಿವಿನ ಅಂಚಿನಲ್ಲಿದೆ, 2018ರಲ್ಲಿ ಕೆಂಪುಪಟ್ಟಿಗೆ ಸೇರಿತು. ಅಂಥ ಹೊಳೆಯ ಪಕ್ಕದವನು ಥಾಯ್ಲೆಂಡಿನ ಮೂರು ಗ್ರಾಂ ಮೀನಿಗೆ ಆರೈಕೆ ಮಾಡುತ್ತಿದ್ದೇನೆಂದರೆ, ಜನ ನಗುವುದರಲ್ಲಿ ನ್ಯಾಯವಿದೆ.

ಪಶುವೈದ್ಯರು ಮಾತ್ರ ನಗಲಿಲ್ಲ. ಕಾಲುಬಾಯಿ ಜ್ವರದ ಹಸು, ಹೊಟ್ಟೆಯುಬ್ಬರದ ಮೇಕೆಗಳ ನಡುವೆ ನನ್ನ ಸರದಿ ಬಂದಾಗ, ತಲೆಯೆತ್ತದೆ ಅಭ್ಯಾಸಬಲದಿಂದ ಕೇಳಿದರು: "ಮೇವು ತಿಂತಾ ಇದೆಯಾ? ಸಗಣಿ ಹೇಗಿದೆ?" ಯೋಚಿಸಿದರೆ ಎರಡೂ ಸರಿಯಾದ ಪ್ರಶ್ನೆಗಳೇ. ಮೂರು ದಿನ ಏನೂ ಹಾಕಬೇಡಿ, ನೀರು ಬೆಚ್ಚಗಿರಲಿ ಎಂದರು. ಫೀಸು ಕೇಳಲಿಲ್ಲ, ರಿಜಿಸ್ಟರಿನಲ್ಲಿ ಯಾವ ಕಾಲಮ್ಮಿಗೆ ಬರೆಯುವುದೆಂದು ತೋಚಿರಲಾರದು.

ಉಪವಾಸದ ಎರಡನೇ ದಿನ ಯಳಂದೂರು ತಾಲ್ಲೂಕಿನ ಮಾಂಬಳ್ಳಿಯಿಂದ ಬಾಮೈದ ಬಂದ. ಅವನದು ಹಿಪ್ಪುನೇರಳೆ ತೋಟ, ಹುಳುಮನೆ. ರೇಷ್ಮೆ ಹುಳು ನಾಲ್ಕು ಸಲ ಪೊರೆ ಕಳಚುತ್ತದೆ. ಕಳಚುವ ಮೊದಲು ಮೇವು ಬಿಟ್ಟು, ತಲೆಯೆತ್ತಿ ಸುಮ್ಮನಾಗುತ್ತದೆ. ರೈತರು ಅದಕ್ಕೆ ಜ್ವರಕ್ಕೆ ಕೂತಿದೆ ಎನ್ನುತ್ತಾರೆ. ಬಾಮೈದ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದು ನಿಮಿಷ ನೋಡಿ ತೀರ್ಪು ಕೊಟ್ಟ: "ಜ್ವರಕ್ಕೆ ಕೂತದೆ ಭಾವ. ನಾಳಿಕ್ ಎದ್ದದು, ಸೊಪ್ಪು ರೆಡಿ ಮಡಗಿ."

ಸೊಪ್ಪು ತಿನ್ನುವ ಜಾತಿಯಲ್ಲವೆಂದೆ. ಹಾಗಾದರೆ ಸಪ್ಪೆರೋಗ ಎಂದ. ಮೈ ಬೆಳ್ಳಗಾಗಿರುವುದನ್ನು ತೋರಿಸಿದೆ. ಮುಖ ಗಂಭೀರವಾಯಿತು, ಸುಣ್ಣಕಟ್ಟು ರೋಗ, ಬ್ಲೀಚಿಂಗ್ ಪೌಡರ್ ಹೊಡೆಯಬೇಕು ಎಂದ. ನಲ್ಲಿ ನೀರಿನ ಕ್ಲೋರಿನ್ ಹೋಗಲೆಂದೇ ಒಂದಿಡೀ ದಿನ ಬಕೆಟ್ಟಿನಲ್ಲಿ ನೀರು ನಿಲ್ಲಿಸುವ ನನಗೆ ಎದೆ ಝಲ್ಲೆಂದಿತು. ಆದರೂ ಬಾಮೈದನಿಂದ ಒಂದು ಉಪಕಾರವಾಯಿತೆನ್ನಬೇಕು. ಮಾರನೆಯ ವಾರ ಹುಳುಮನೆಯ ಥರ್ಮಾಮೀಟರ್ ತಂದುಕೊಟ್ಟ. ರೇಷ್ಮೆ ಹುಳುವಿಗೂ ಫೈಟರ್ ಮೀನಿಗೂ ಬೇಕಾದ ಶಾಖ ಹತ್ತಿರಹತ್ತಿರ ಒಂದೇ: 24ರಿಂದ 28 ಡಿಗ್ರಿ. ಡಿಸೆಂಬರಿನ ರಾತ್ರಿ ಕರೆಂಟು ಹೋಗಿ ಹೀಟರ್ ಆರಿದರೆ, ಬಿಸಿನೀರು ತುಂಬಿದ ಬಾಟಲಿಯನ್ನು ತೊಟ್ಟಿಯಲ್ಲಿ ತೇಲಿಬಿಡುವ ಉಪಾಯವೂ ಅವನದೇ.

ಉಳಿದ ಶುಶ್ರೂಷೆಯೆಲ್ಲ ನನ್ನದು. ಈ ಮೀನು ಕಿವಿರಿನ ಜೊತೆಗೆ ನೇರವಾಗಿ ಗಾಳಿಯನ್ನೂ ಕುಡಿಯುತ್ತದೆ, ಅದಕ್ಕಾಗಿ ಆಗಾಗ ಮೇಲೆ ಬರಲೇಬೇಕು. ಮುದುಕನಿಗೆ ಹತ್ತಿಳಿಯುವ ಕಷ್ಟ ಬೇಡವೆಂದು ನೀರಿನ ಮಟ್ಟ ಇಳಿಸಿದೆ. ಒಣಗಿದ ಕಾಡುಬಾದಾಮಿ ಎಲೆ ಹಾಕಿದರೆ ನೀರು ತಿಳಿಗಂದಾಗಿ ರೆಕ್ಕೆಯ ಗಾಯಕ್ಕೆ ಒಳ್ಳೆಯದು ಎಂದು ಮೀನು ಸಾಕುವವರು ನಂಬುತ್ತಾರೆ. ಆನ್‌ಲೈನಿನಲ್ಲಿ ಪ್ಯಾಕೆಟ್ ಕಟ್ಟಿ ಮಾರುವ ಆ ಎಲೆ ಶಾಲೆಯ ಮೈದಾನದಲ್ಲಿ ರಾಶಿ ಬಿದ್ದಿರುತ್ತದೆ. ನಾನು ಬಗ್ಗಿ ಆರಿಸುವುದನ್ನು ಕಂಡ ಮೇಷ್ಟರೊಬ್ಬರು, ಸ್ವಚ್ಛತೆಯ ಬಗ್ಗೆ ನನಗಿರುವ ಕಾಳಜಿಯನ್ನು ಮಕ್ಕಳಿಗೆ ಮಾದರಿಯಾಗಿ ತೋರಿಸಿದರು. ನಾನೂ ಒಂದೆರಡು ಬಿಸ್ಕೆಟ್ ಕವರು ಹೆಕ್ಕಿದೆ.

ದೀಪಾವಳಿಗೆ ಮಾದಪ್ಪನ ಬೆಟ್ಟಕ್ಕೆ ಹೊರಟಾಗ ಟೈಸಣ್ಣನನ್ನು ಹನೂರಿನ ತಂಗಿಯ ಮನೆಯಲ್ಲಿ ಬಿಡುವುದೆಂದಾಯಿತು. ಹಾರ್ಲಿಕ್ಸ್ ಬಾಟಲಿಯ ಮುಚ್ಚಳಕ್ಕೆ ತೂತು ಹೊಡೆದು, ಅರ್ಧ ನೀರು ಅರ್ಧ ಗಾಳಿ ಇಟ್ಟು, ತೊಡೆಯ ಮೇಲಿಟ್ಟುಕೊಂಡೆ. ಬಸ್ಸಿನ ತುಂಬ ಉಘೇ ಉಘೇ. ಪಕ್ಕದ ಅಜ್ಜಿ ಬಾಟಲಿಗೆ ಕೈಮುಗಿದರು.

"ಹರಕೆ ಮೀನಾ ಮಗ?"

"ಅಲ್ಲವ್ವ, ಸಾಕಿರದು. ಹುಷಾರಿಲ್ಲ."

"ಎಷ್ಟ್ ದೊಡ್ಡದಾದದು?"

"ಇಷ್ಟೇ."

"ಮತ್ಯಾಕ್ ಸಾಕಿದ್ದೈ?"

ಮುಂದಿನ ಸೀಟಿನವರೂ ಉತ್ತರಕ್ಕಾಗಿ ತಿರುಗಿದರು. ಅಷ್ಟರಲ್ಲಿ ಹನೂರು ಬಂತು, ಮಾದಪ್ಪ ದೊಡ್ಡವನು.

ಊಟದ ಉಸ್ತುವಾರಿ ಮಾತ್ರ ಅವ್ವನದು. ಮೊಟ್ಟೆಯೂ ಹೊಸ್ತಿಲು ದಾಟದ ಮನೆಯ ಫ್ರಿಜ್ಜಿನಲ್ಲಿ, ಹಾಲಿನ ಪಾತ್ರೆಯ ಮೇಲೆ, ಮಂಜುಗಟ್ಟಿದ ನೀರುಹುಳುವಿನ ಡಬ್ಬಿ ಇರುವುದು ಅವಳ ಅಪ್ಪಣೆಯಿಂದಲೇ. "ಹುಳ ಅನ್ಬೇಡ, ಔಸ್ತಿ ಅನ್ನು" ಎಂಬುದೊಂದೇ ಷರತ್ತು. ಟೈಸಣ್ಣನ ಎಡಗಣ್ಣಿನ ಮಸುಕನ್ನು ಮೊದಲು ಕಂಡವಳೂ ಅವಳೇ. "ಇದ್ಕೂ ಪೊರೆ ಬಂದದೆ ಕನಾ. ಕ್ಯಾಂಪು ಯಾವತ್ತು ಅಂತ ಕೇಳು" ಎಂದಳು. ಅವಳ ಎರಡೂ ಕಣ್ಣಿಗೆ ಆಪರೇಷನ್ ಆಗಿದೆ. ಕಾಳು ಬಿದ್ದದ್ದು ಅವನಿಗೆ ಕಾಣದೆಂದು ಚಿಮಟದಲ್ಲಿ ಹಿಡಿದು ಬಲಗಣ್ಣಿನ ಮುಂದೆ ಒಡ್ಡುತ್ತಾಳೆ. ಅವನು ಚಿಮಟಕ್ಕೇ ಹಾರುತ್ತಾನೆ. ಕಾಳಗವೆಂದು ನೋಡಿದ್ದರೆ ಇದೊಂದನ್ನೇ.

ಹೊಟ್ಟೆ ಕಟ್ಟದಿರಲು ವಾರಕ್ಕೊಂದು ದಿನ ಉಪವಾಸ ಹಾಕಬೇಕೆಂದು ಬಲ್ಲವರು ಹೇಳುತ್ತಾರೆ. ಹೇಗೂ ಮನೆಯಲ್ಲಿ ಒಪ್ಪತ್ತು, ಮಾದಪ್ಪನ ವಾರವೂ ಹೌದು ಎಂದು ನನ್ನ ಹೆಂಡತಿ ಸೋಮವಾರ ಗೊತ್ತುಮಾಡಿದಳು. ಆದರೂ ಪ್ರತಿ ಮಂಗಳವಾರ ಬೆಳಿಗ್ಗೆ ಕುರ್ಚಿ ಹತ್ತಿ ನೋಡಿದರೆ ಹೊಟ್ಟೆ ದುಂಡಗೆ. ಎಪ್ಸಮ್ ಉಪ್ಪಿನ ಮೇಲೆ ನನಗೆ ನಂಬಿಕೆ ಹೋಗುತ್ತಾ ಬಂತು.

ಮೊನ್ನೆ ಸೋಮವಾರ ರಾತ್ರಿ ನೀರು ಕುಡಿಯಲು ಎದ್ದಾಗ ಹಜಾರದಲ್ಲಿ ದೀಪ ಉರಿಯುತ್ತಿತ್ತು. ಅವ್ವನ ಒಂದು ಕೈಯಲ್ಲಿ ಚಿಮಟ.

"ಅವ್ವ, ಇವತ್ತು ಸೋಮವಾರ!"

"ಒಂದೇ ಕಾಳು ಕನಾ. ಮುದುಕ್ರಿಗೆ ಮಾದಪ್ಪ ರಿಯಾಯ್ತಿ ಮಡಗವ್ನೆ."

ಹಾಗೆ ಹೇಳುವಾಗ ಇನ್ನೊಂದು ಕೈಯನ್ನು ಸೆರಗಿನೊಳಗೆ ಸರಿಸಿದಳು. ಸಕ್ಕರೆ ಕಾಯಿಲೆಯ ಅವ್ವನ ಆ ಕೈಯಲ್ಲಿ ಬೆಟ್ಟದ ಲಾಡು ಅರ್ಧ ಮಾತ್ರ ಉಳಿದಿತ್ತು.