ಸುಮ್ಮನೆ ನಿಲ್ಲುವ ಹಕ್ಕು

ಸಿಗರೇಟು ಬಿಡುವ ತನಕ ನನಗೆ ಎರಡು ಕೈಗಳಿವೆ ಎಂಬುದು ಅಷ್ಟಾಗಿ ಗಮನಕ್ಕೆ ಬಂದಿರಲಿಲ್ಲ. ಒಂದರಲ್ಲಿ ಕಾಫಿ ಲೋಟ, ಇನ್ನೊಂದರಲ್ಲಿ ಸಿಗರೇಟು. ಎರಡಕ್ಕೂ ಖಾಯಂ ನೌಕರಿ. ಬಿಟ್ಟ ಮಾರನೆಯ ದಿನ ಬಲಗೈ ನಿರುದ್ಯೋಗಿಯಾಯಿತು. ಅದು ಸುಮ್ಮಸುಮ್ಮನೆ ಜೇಬು ತಡವುತ್ತದೆ, ಕನ್ನಡಕ ತೆಗೆದು ಒರೆಸುತ್ತದೆ, ಇಲ್ಲದ ಮೀಸೆ ತಿರುವುತ್ತದೆ. ಪೆನ್ನಿನ ಗುಂಡಿ ಒತ್ತಿ ಒತ್ತಿ ಟಿಕ್ ಟಿಕ್ ಅನ್ನಿಸಿ ಪಕ್ಕದ ಮೇಜಿನವರ ಶಾಪಕ್ಕೆ ಗುರಿಯಾಗುತ್ತದೆ. ಎಡಗೈ ಮಾತ್ರ ಲೋಟ ಹಿಡಿದುಕೊಂಡು, ತನಗೇನೂ ಗೊತ್ತಿಲ್ಲದ ಹಾಗೆ ಇರುತ್ತದೆ.

ಡಾಕ್ಟರು ಹೇಳುವ ಲೆಕ್ಕ ಬಹಳ ಸರಳ. ರಕ್ತದಲ್ಲಿರುವ ನಿಕೋಟಿನ್ ಸುಮಾರು 2 ಗಂಟೆಗೊಮ್ಮೆ ಅರ್ಧಕ್ಕರ್ಧ ಇಳಿಯುತ್ತದೆ, ಎರಡು ಮೂರು ದಿನಗಳಲ್ಲಿ ಬಹುಪಾಲು ಖಾಲಿ. ಸಿಡುಕು, ನಿದ್ದೆಗೇಡು, ಕೂತಲ್ಲಿ ಕೂರಲಾರದ ಚಡಪಡಿಕೆ ಎಲ್ಲ ಆ ಮೊದಲ ಕೆಲವು ದಿನಗಳಲ್ಲೇ ಏರಿ, 2ರಿಂದ 4 ವಾರಗಳಲ್ಲಿ ಇಳಿದುಹೋಗುತ್ತವೆ. ಈ ವೇಳಾಪಟ್ಟಿಯನ್ನು ಮನೆಯವರ ಕೈಗೆ ಮೊದಲೇ ಕೊಡುವ ಪದ್ಧತಿ ಇದ್ದಿದ್ದರೆ ನನ್ನ ಹೆಂಡತಿ ಆ ಹೊತ್ತಿಗೆ ಸರಿಯಾಗಿ ತವರಿಗೆ ಹೋಗಿಬರುತ್ತಿದ್ದಳು. ಉಪ್ಪಿಟ್ಟಿನಲ್ಲಿ ಬಟಾಣಿ ಯಾಕೆ ಹಾಕಿದೆ ಎಂಬ ವಿಷಯಕ್ಕೆ ಅರ್ಧ ಗಂಟೆ ಜಗಳ ಆಡಿದ ಮೇಲೆ ಅವಳು ಶಾಂತವಾಗಿ ಅಂದಳು: "ರೀ, ಬಟಾಣಿ ನೀವೇ ತಂದಿದ್ದು."

ನನ್ನ ತಾಯಿಯದು ಬೇರೆಯೇ ತಕರಾರು. ಸಿಗರೇಟು ಬಿಟ್ಟವರಿಗೆ ಮೊದಮೊದಲು ಕೆಮ್ಮು ಹೆಚ್ಚಾಗುವುದುಂಟು. ಶ್ವಾಸನಾಳದ ಒಳಗೋಡೆಯಲ್ಲಿ ಕಸ ಗುಡಿಸುವ ಸಣ್ಣ ಸಣ್ಣ ರೋಮಗಳಿರುತ್ತವೆ. ಹೊಗೆಯಿಂದ ಜೋಂಪು ಹಿಡಿದಿದ್ದ ಅವು ಎಚ್ಚೆತ್ತು ವರ್ಷಗಳ ಬಾಕಿ ಕಫವನ್ನೆಲ್ಲ ಹೊರಗೆ ತಳ್ಳತೊಡಗುತ್ತವೆ. ಇದನ್ನೆಲ್ಲ ವಿವರಿಸುವ ಹೊತ್ತಿಗೆ ಅಮ್ಮ ತೀರ್ಪು ಕೊಟ್ಟಾಗಿತ್ತು. "ಸೇದ್ತಿದ್ದಾಗ ನೆಟ್ಟಗಿದ್ದೆ. ಬಿಟ್ಟೆ, ಕೆಮ್ಮು ಶುರುವಾಯ್ತು. ಯಾರು ಬಿಡು ಅಂದ್ರಪ್ಪ ನಿಂಗೆ?" ಮೂವತ್ತು ವರ್ಷದಿಂದ ಬಿಡು ಬಿಡು ಅಂದವರು ಅವರೇ.

ಇನ್ನು ಭಾವಮೈದುನ. ಪಿರಿಯಾಪಟ್ಟಣದ ಕಡೆ ತಂಬಾಕು ಬೆಳೆಯುತ್ತಾನೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳ ಹೊಲದಂಚಿನಲ್ಲಿ ಎತ್ತರಕ್ಕೆ ನಿಂತ ಬ್ಯಾರನ್‌ಗಳನ್ನು ನೀವು ನೋಡಿರಬಹುದು. ಸೊಪ್ಪನ್ನು ಅದರೊಳಗೆ ನೇತುಹಾಕಿ ಸೌದೆ ಉರಿಯ ಶಾಖದಲ್ಲಿ ಹದ ಮಾಡುತ್ತಾರೆ. ಅವನಿಗೆ ಯಾವ ಚಟವೂ ಇಲ್ಲ. ಸುದ್ದಿ ಕೇಳಿ, "ಒಳ್ಳೇದ್ ಮಾಡುದ್ರಿ ಭಾವ" ಅಂದ. ಒಂದು ಕ್ಷಣ ಬಿಟ್ಟು, "ಎಲ್ರೂ ಹಿಂಗೇ ಬಿಟ್ಬುಟ್ರೆ ನಮ್ ಗತಿ ಏನು?" ಅಂದ. ಆಮೇಲೆ ಅವನೇ ನಕ್ಕು, "ನಾವು ವಾರಗಟ್ಟಲೆ ನಿದ್ದೆಗೆಟ್ಟು ಬೇಯಿಸೋದು, ನೀವು ಐದ್ ನಿಮಿಷದಲ್ಲಿ ಊದ್ಬುಡೋದು. ಯಾವಾಗ್ಲೂ ಹೊಟ್ಟೆ ಉರೀತಿತ್ತು" ಅಂದ.

ಯಾರೂ ಮುಂಚೆಯೇ ಹೇಳದ ಸಂಗತಿಯೊಂದಿದೆ, ಅದು ಕಾಫಿಯದು. ಸಿಗರೇಟಿನ ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಯಕೃತ್ತನ್ನು ಚುರುಕು ಮಾಡಿ, ಕಾಫಿಯ ಕೆಫೀನನ್ನು ಬೇಗ ಬೇಗ ಕರಗಿಸುವಂತೆ ಮಾಡುತ್ತವೆ. ಸಿಗರೇಟು ನಿಲ್ಲಿಸಿದ ಮೇಲೆ ಆ ಚುರುಕು ಇಳಿಯುತ್ತದೆ. ಕುಡಿದ ಕಾಫಿ ಅಷ್ಟೇ ಆದರೂ ಅದರ ಕೆಫೀನು ಬಹಳ ಹೊತ್ತು ರಕ್ತದಲ್ಲಿ ಸುತ್ತುತ್ತದೆ. ಎದೆ ಡವಡವ, ಕೈ ನಡುಕ, ರಾತ್ರಿ ಎರಡು ಗಂಟೆಗೆ ಕಣ್ಣು ಪಿಳಿಪಿಳಿ. ಪಾಪ, ಬಿಟ್ಟವನು ಇದೆಲ್ಲ ಸಿಗರೇಟು ಬಿಟ್ಟ ಸಂಕಟ ಅಂದುಕೊಂಡು ಸಮಾಧಾನಕ್ಕೆ ಇನ್ನೊಂದು ಲೋಟ ಕಾಫಿ ಕುಡಿಯುತ್ತಾನೆ. "ಕಾಫೀನೂ ಅರ್ಧ ಮಾಡಿ" ಎಂದರು ಡಾಕ್ಟರು. ಮೈಸೂರಿನಲ್ಲಿ ಹುಟ್ಟಿ ಬೆಳೆದವನ ಮುಖ ನೋಡಿ ಹೇಳುವ ಮಾತೇ ಇದು?

ನಮ್ಮ ಬ್ಯಾಂಕಿನ ಕ್ಯಾಷಿಯರೂ ಅದೇ ಸಮಯಕ್ಕೆ ಬಿಡುವ ಮನಸ್ಸು ಮಾಡಿ ನಿಕೋಟಿನ್ ಚೂಯಿಂಗ್ ಗಮ್ ತಂದರು. 2 ಮಿಲಿಗ್ರಾಮಿನದು ಚೀಟಿ ಇಲ್ಲದೆಯೇ ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತದೆ. ಅದನ್ನು ಮಕ್ಕಳ ಬಬಲ್ ಗಮ್ಮಿನಂತೆ ಅಗಿಯಬಾರದು. ನಿಧಾನವಾಗಿ ಕಚ್ಚಬೇಕು, ನಾಲಿಗೆಗೆ ಮೆಣಸಿನಂಥ ಚುರುಚುರು ತಾಗಿದ ಕೂಡಲೇ ದವಡೆಗೂ ಕೆನ್ನೆಗೂ ನಡುವೆ ಇಟ್ಟು ಸುಮ್ಮನಾಗಬೇಕು. ಚುರುಚುರು ಆರಿದ ಮೇಲೆ ಮತ್ತೆ ಕಚ್ಚಬೇಕು. ಕ್ಯಾಷಿಯರು ಗಡಿಬಿಡಿಯ ಮನುಷ್ಯ. ಗಬಗಬ ಅಗಿದು ರಸ ನುಂಗಿದರು. ಬಿಕ್ಕಳಿಕೆ ಹಿಡಿಯಿತು. ಕೌಂಟರಿನ ಮುಂದೆ ಉದ್ದ ಸಾಲು, ಗಾಜಿನ ಹಿಂದೆ "ಮೂವತ್ತೇಳು, ಮೂವತ್ತೆಂಟು, ಹಿಕ್" ಎಂದು ಮತ್ತೆ ಒಂದರಿಂದ ಎಣಿಕೆ. ದವಡೆಗೆ ಇಟ್ಟುಕೊಂಡು ಸುಮ್ಮನಿರುವ ವಿದ್ಯೆ ನಮ್ಮ ಅಜ್ಜಿಗೆ ಕರಗತವಾಗಿತ್ತು. ಒಂದು ಚಿಟಿಕೆ ಕಡ್ಡಿಪುಡಿಯಲ್ಲಿ ಇಡೀ ಹರಿಕಥೆ ಕೇಳಿ ಮುಗಿಸುತ್ತಿದ್ದರು. ಅವರ ಹಲ್ಲಿನ ಗತಿ ಏನಾಯಿತೆಂದು ಮಾತ್ರ ಕೇಳಬೇಡಿ.

ಈ ಪೀಡೆ ಹಬ್ಬಿದ್ದರಲ್ಲಿ ನಮ್ಮ ನಾಡಿನದೂ ಒಂದು ಪಾಲಿದೆ. ಅಕ್ಬರನ ಆಸ್ಥಾನಿಕ ಅಸದ್ ಬೇಗ್ ಎಂಬುವನು 1604ರ ಸುಮಾರಿಗೆ ಬಿಜಾಪುರಕ್ಕೆ ಬಂದಿದ್ದಾಗ ಇಲ್ಲಿ ತಂಬಾಕು ಕಂಡು, ರತ್ನ ಕೂರಿಸಿದ ಹುಕ್ಕಾ ಸಮೇತ ಬಾದಶಹನಿಗೆ ಒಯ್ದು ಒಪ್ಪಿಸಿದ. ಅಕ್ಬರ್ ಒಂದೆರಡು ದಮ್ಮು ಎಳೆದ. ಪಕ್ಕದಲ್ಲಿದ್ದ ಹಕೀಮರು ಬೇಡ ಬೇಡ ಎಂದರು. 1617ರಲ್ಲಿ ಮಗ ಜಹಾಂಗೀರ್ ಸೇದಕೂಡದೆಂದು ಅಪ್ಪಣೆಯನ್ನೇ ಹೊರಡಿಸಿದ. ನಮ್ಮ ರಾಜ್ಯ ಸರ್ಕಾರ ಸಿಗರೇಟನ್ನು ಒಂದೊಂದಾಗಿ ಮಾರಬಾರದೆಂದು 2017ರಲ್ಲಿ ಆದೇಶ ಮಾಡಿತು. ಜಹಾಂಗೀರನ ಅಪ್ಪಣೆಯ ಗತಿಯೇ ಇದಕ್ಕೂ ಆಯಿತೆಂಬುದಕ್ಕೆ ನಮ್ಮ ಬ್ಯಾಂಕಿನೆದುರಿನ ಪೆಟ್ಟಿಗೆ ಅಂಗಡಿಯೇ ಸಾಕ್ಷಿ.

ಆದರೆ ನಿಕೋಟಿನ್, ಕಾಫಿ, ಕೆಮ್ಮು ಇವೆಲ್ಲ ನನ್ನನ್ನು ಅಷ್ಟೇನೂ ಕಾಡಲಿಲ್ಲ. ನಿಜವಾಗಿ ಕಾಡಿದ್ದು ಆ ಪೆಟ್ಟಿಗೆ ಅಂಗಡಿಯ ಮುಂದಿನ ಜಾಗ. ಮೊದಲೆಲ್ಲ ಕಚೇರಿಯಲ್ಲಿ ಕೂತಲ್ಲೇ ಸೇದುತ್ತಿದ್ದರು, ಲೆಡ್ಜರಿನ ಮೇಲೇ ಬೂದಿ ಉದುರುತ್ತಿತ್ತು. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಸೇದುವುದನ್ನು ನಿಷೇಧಿಸಿದ ಮೇಲೆ ನಮ್ಮನ್ನೆಲ್ಲ ಹೊರಗಟ್ಟಿದರು. ಶಿಕ್ಷೆಯೆಂದುಕೊಂಡು ಹೊರಗೆ ಹೋದವರಿಗೆ ಅಲ್ಲಿ ಸಿಕ್ಕಿದ್ದು ವರ. ಹನ್ನೊಂದು ಗಂಟೆಗೊಮ್ಮೆ, ನಾಲ್ಕು ಗಂಟೆಗೊಮ್ಮೆ, ಸಂಬಳ ಸಮೇತ ಐದು ನಿಮಿಷ ಸುಮ್ಮನೆ ನಿಲ್ಲುವ ಹಕ್ಕು! ಅಲ್ಲಿ ಮ್ಯಾನೇಜರು ಅಟೆಂಡರನ ಹತ್ತಿರ ಬೆಂಕಿಪೊಟ್ಟಣ ಕೇಳುತ್ತಾರೆ. ಯಾರಿಗೆ ಯಾವ ಊರಿಗೆ ವರ್ಗ, ಯಾರ ಪ್ರಮೋಷನ್ ಯಾಕೆ ತಪ್ಪಿತು, ಎಲ್ಲ ಅಲ್ಲೇ ಮೊದಲು ತಿಳಿಯುವುದು. ಬಿಟ್ಟವನು ಸುದ್ದಿಯಿಂದಲೂ ಹೊರಗೆ. ಆಡಿಟ್ ಇದೆ ಎಂದು ನನಗೆ ತಿಳಿದದ್ದು ಆಡಿಟರು ಬಂದು ನನ್ನೆದುರಿನ ಕುರ್ಚಿಯಲ್ಲಿ ಕೂತ ಮೇಲೆ.

ಹಾಗಾದರೆ ಸಿಗರೇಟು ಇಲ್ಲದೆಯೇ ಹೋಗಿ ನಿಲ್ಲಬಾರದೇ ಎನ್ನಬಹುದು. ನಿಂತೆ. ಸೆಕ್ಯೂರಿಟಿಯವನು ಬಂದು, "ಯಾರಿಗಾದ್ರೂ ಕಾಯ್ತಿದೀರಾ ಸಾರ್?" ಎಂದ. ಹೋಗುತ್ತಿದ್ದ ಮೇಡಂ ಒಬ್ಬರು ದನಿ ತಗ್ಗಿಸಿ, "ಮನೇಲಿ ಎಲ್ಲ ಆರಾಮಾ?" ಎಂದರು. ಮ್ಯಾನೇಜರು ತಮ್ಮ ಸಿಗರೇಟಿನ ಬೂದಿ ಕೊಡವುತ್ತ, "ಏನ್ರೀ, ಕೆಲಸ ಇಲ್ವಾ?" ಎಂದರು. ಬೆರಳ ಸಂದಿಯಲ್ಲಿ ಹೊಗೆಯಾಡುವ ಒಂದು ಕಡ್ಡಿ ಇದ್ದಾಗ ಇಷ್ಟು ವರ್ಷದಲ್ಲಿ ಒಬ್ಬರಾದರೂ ಹೀಗೆ ಕೇಳಿರಲಿಲ್ಲ. ಬರಿಗೈಯಲ್ಲಿ ನಿಂತವನಿಗೆ ಒಂದೋ ಕಷ್ಟ ಬಂದಿರಬೇಕು, ಇಲ್ಲವೇ ಅವನು ಮೈಗಳ್ಳನಾಗಿರಬೇಕು ಎಂಬುದು ಲೋಕದ ತೀರ್ಮಾನ. ಮೊಬೈಲು ಹಿಡಿದು ನಿಂತು ನೋಡಿದೆ. ಅದರಲ್ಲೂ ಬ್ಯಾಂಕಿನ ಗುಂಪಿನ ಮೆಸೇಜುಗಳೇ ಬಂದವು. ಕರುಣೆ ಉಕ್ಕಿದ ಸಹೋದ್ಯೋಗಿಗಳು ತಲೆಗೊಂದರಂತೆ ಲವಂಗ, ಏಲಕ್ಕಿ, ಸೋಂಪು, ಒಣಶುಂಠಿ, ಜೇಷ್ಠಮಧು ತಂದುಕೊಟ್ಟು ನನ್ನ ಮೇಜು ಗ್ರಂದಿಗೆ ಅಂಗಡಿಯಂತಾಯಿತು.

ಕೊನೆಗೆ ಸಹಾಯವಾಣಿಗೆ ಫೋನ್ ಮಾಡೋಣವೆಂದುಕೊಂಡೆ. ಅದರ ನಂಬರು ಸಿಗರೇಟು ಪ್ಯಾಕಿನ ಮೇಲೇ ಇರುತ್ತದೆ, ಭಯಂಕರ ಚಿತ್ರದ ಜೊತೆಗೆ. ತಮಾಷೆ ನೋಡಿ: ಸಿಗರೇಟು ಬಿಟ್ಟವನ ಹತ್ತಿರ ಪ್ಯಾಕು ಎಲ್ಲಿಂದ ಬರಬೇಕು? ಅದೇ ಪೆಟ್ಟಿಗೆ ಅಂಗಡಿಗೆ ಹೋದೆ. ಅಂಗಡಿಯವನು ಹಳೆಯ ಗಿರಾಕಿ ಮರಳಿದನೆಂದು ಮುಖ ಅರಳಿಸಿ ಪ್ಯಾಕು ತೆಗೆದ. ವಿಷಯ ತಿಳಿದ ಮೇಲೂ ಬೇಸರ ಮಾಡಿಕೊಳ್ಳದೆ ಅದನ್ನು ತಿರುಗಿಸಿ ಹಿಡಿದು ಒಂದೊಂದೇ ಅಂಕಿ ಓದಿದ: 1800-11-2356. ಪುಕ್ಕಟೆ ಕರೆ. ದಕ್ಷಿಣದ ಭಾಷೆಗಳವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಿಂದ ಉತ್ತರಿಸುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಆ ಕಡೆಯ ಹುಡುಗಿ ಎಲ್ಲ ಕೇಳಿಸಿಕೊಂಡು, ಸೇದಬೇಕೆಂಬ ಸೆಳೆತ ಎಷ್ಟೇ ಜೋರಾಗಿ ಬಂದರೂ ಸಾಮಾನ್ಯವಾಗಿ ನಾಲ್ಕೈದು ನಿಮಿಷದಲ್ಲಿ ತಗ್ಗುತ್ತದೆ, ಅಷ್ಟು ಹೊತ್ತು ನೀರು ಕುಡಿದು, ಉಸಿರು ನಿಧಾನವಾಗಿ ಎಳೆದು ಬಿಡುತ್ತ ಹೊರಗೆ ನಿಂತಿರಿ ಎಂದಳು. ನನಗೆ ನಗು ಬಂತು. ಸಿಗರೇಟಿಗೆ ಬೇಕಾಗಿದ್ದದ್ದೂ ಅಷ್ಟೇ ಹೊತ್ತು, ಮಾಡುತ್ತಿದ್ದದ್ದೂ ಹೊರಗೆ ನಿಂತು ಉಸಿರೆಳೆಯುವುದನ್ನೇ. ಔಷಧಿ ಗೊತ್ತಾಯಿತು, ಅದನ್ನು ತೆಗೆದುಕೊಳ್ಳಲು ಜನ ಬಿಡಬೇಕಷ್ಟೆ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಹನ್ನೊಂದು ಗಂಟೆಯ ಹೊತ್ತಿಗೆ ಯಾವುದಾದರೂ ಕಚೇರಿಯ ಗೇಟಿನ ಹತ್ತಿರ ಒಬ್ಬ ಗಂಡಸು ಬರಿಗೈಯಲ್ಲಿ ಆಕಾಶ ನೋಡುತ್ತ ನಿಂತಿದ್ದರೆ, ಯಾರಿಗೆ ಕಾಯುತ್ತಿದ್ದೀರಿ ಎಂದು ಕೇಳಬೇಡಿ. ಲವಂಗ ಕೊಡಬೇಡಿ. ಆಡಿಟ್ ಬರುವುದಿದ್ದರೆ ಮಾತ್ರ ಒಂದು ಮಾತು ಹೇಳಿ ಹೋಗಿ.